ನೇತ್ರದ ಅಂತರಂಗವನ್ನು ಕಂಡ ಉಪಾಧ್ಯಾಯರು: ಹರ್ಮನ್ ಹೆಲ್ಮ್‌ಹೋಲ್ಟ್ಸರ ಚರಿತ್ರೆ

ಈ ಸ್ಮರಣ ಸಂಚಿಕೆಗೆ ಒಬ್ಬ ಮಹಾಪುರುಷರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿಕೊಂಡರು. ಇಂಥ ಸಂಚಿಕೆಗಳಲ್ಲಿ ದೈವಭಕ್ತರ ಅಥವಾ ದೇಶಭಕ್ತರ ಚರಿತ್ರೆಯನ್ನು ಬರೆಯುವುದು ವಾಡಿಕೆ. ನಾನಾದರೋ ಜರ್ಮನಿ ದೇಶದ ಒಬ್ಬ ಉಪಾಧ್ಯಾಯರ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಅದರ ಕಾರಣವನ್ನು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುವುದು ನ್ಯಾಯವಾಗಿದೆ.

ಕೆಲವು ವರ್ಷಗಳ ಹಿಂದೆ, ಮೇಡ್ಲೇರಿಗೆ ಮದುವೆಯಾಗಿ ಹೋಗಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದವಳು, ಒಂದೂವರೆ ವರ್ಷದ ತನ್ನ ಕೂಸನ್ನು ಎತ್ತಿಕೊಂಡು ನನ್ನ ಬಳಿಗೆ ಬಂದಳು. ಸಂಜೆಯ ಹೊತ್ತು ದೀಪದ ಬೆಳಕು ಓರೆಯಾಗಿ ಬಿದ್ದಾಗ ಕೂಸಿನ ಎಡಗಣ್ಣಿನ ಪಾಪೆಯು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತದೆಂದು ಆಕೆಯು ಹೇಳಿದಳು. ಅತ್ತೆಯವರು ಅದನ್ನು ಮನೆಗೆ ಬಂದ ಭಾಗ್ಯವೆಂದು ಎಣಿಸಿದ್ದರು. ನೆರೆಯವರು ದೃಷ್ಟಿ ತಗಲಿದೆಯೆಂದು ನಿವಾಳಿಸಿ ಹೋಗಿದ್ದರು. ಆಕೆಯ ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ. ಪಾಪೆಯೆಂಬುದು ಕರಿಯ ಬೊಟ್ಟಲ್ಲ, ಅದೊಂದು ರಂಧ್ರ, ಅದು ಕಪ್ಪಾಗಿಯೇ ಕಾಣತಕ್ಕದ್ದು ಎಂದು ಒಂಬತ್ತನೆಯ ತರಗತಿಯಲ್ಲಿ ನಾನು ಹೇಳಿಕೊಟ್ಟಿದ್ದ ಪಾಠವು ಆಕೆಗೆ ನೆನಪಿತ್ತು. ನಾನೋ ಉತ್ಸವದ ಗಡಿಬಿಡಿಯಲ್ಲಿದ್ದೆನು. ಹಗಲು ಬೆಳಕಿನಲ್ಲಿ ಕೂಸಿನ ಕಣ್ಣನ್ನು ಒಂದು ಕ್ಷಣ ನೋಡಿ, ಏನೂ ಕಾಣದಿರಲು, ಹೆದರಬೇಡವೆಂದೂ ಸುಗ್ಗಿಯ ಕೆಲಸ ಮುಗಿದ ಮೇಲೆ ಬೇಕಾದರೆ ತೋರಿಸಬಹುದೆಂದೂ ಹೇಳಿ ಕಳುಹಿಸಿಬಿಟ್ಟೆನು. ಮೂರು ವಾರ ಕಳೆದ ಮೇಲೆ ತಾಯಿಯ ಕರುಳು ನನ್ನ ಮಾತನ್ನು ಮೀರಿತು. ಸುಗ್ಗಿ ಮುಗಿಯುವುದನ್ನು ಕಾಯದೆ ಆಕೆಯು ಕೂಸನ್ನು ನೇತ್ರವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ವೈದ್ಯರು ಔಷಧದ ಹನಿಯಿಂದ ಪಾಪೆಯನ್ನು ಅಗಲಮಾಡಿ, ದೀಪವೂ ಗಾಜೂ ಕೂಡಿದ ಒಂದು ಸಣ್ಣ ಉಪಕರಣದ ಸಹಾಯದಿಂದ ಕಣ್ಣಿನ ಒಳಗೆ ನೋಡಿದರು. ಅಲ್ಲಿ, ಕಣ್ಣಿನ ಹಿಂಭಾಗದ ಪಟಲದ ಮೇಲೆ, ಅರ್ಬುದದ ಗಂಟು ಬೆಳೆದಿತ್ತು.

ಆ ಕೂಸಿನ ಗತಿಯೇನಾಯಿತೆಂಬುದನ್ನು ಕಡೆಯಲ್ಲಿ ತಿಳಿಸುವೆನು. ಪಾಪೆಯು ಕಪ್ಪಾಗಿರಬೇಕೆಂದು ಪಾಠ ಹೇಳಿದ ನಾನು, ಅದು ಏಕೆ ಕಪ್ಪಾಗಿದೆ, ಕಪ್ಪಾಗದಿದ್ದರೆ ಏನರ್ಥ ಎಂಬುದನ್ನು ಹೇಳದೆ ಬಿಟ್ಟಿದ್ದೆನು. ಹೇಳಬೇಕಾದ ಸಮಯ ಬಂದಾಗ ನನಗೇ ಅದು ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ತನ್ನ ಪಾಠಕ್ಕಾಗಿ ತಾನೇ ಹಾಕಿಕೊಂಡು ಉತ್ತರವನ್ನು ಹುಡುಕಿದ ಉಪಾಧ್ಯಾಯರೊಬ್ಬರಿದ್ದರು. ಅವರ ಚರಿತ್ರೆಯನ್ನು ಬರೆಯುವುದರ ಮೂಲಕ ನನ್ನ ಬಿಟ್ಟುಹೋದ ಪಾಠವನ್ನು ಈಗ ಪೂರ್ತಿ ಮಾಡುತ್ತಿದ್ದೇನೆ.

ಬಾಲ್ಯವೂ ವಿದ್ಯಾಭ್ಯಾಸವೂ

ಹರ್ಮನ್ ಹೆಲ್ಮ್‌ಹೋಲ್ಟ್ಸರು ೧೮೨೧ನೆಯ ಇಸವಿ ಆಗಸ್ಟ್ ತಿಂಗಳ ೩೧ನೆಯ ತಾರೀಖು ಬರ್ಲಿನ್ ನಗರಕ್ಕೆ ಸಮೀಪದ ಪಾಟ್ಸ್‌ಡಾಮ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಆ ಊರಿನ ಹೈಸ್ಕೂಲಿನಲ್ಲಿ ಉಪಾಧ್ಯಾಯರಾಗಿದ್ದರು. ತಾಯಿಯವರು, ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನವನ್ನು ಸ್ಥಾಪಿಸಿದ ವಿಲಿಯಂ ಪೆನ್ನರ ವಂಶಕ್ಕೆ ಸೇರಿದವರು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು.

ಬಾಲಕನು ಬಲಹೀನನಾಗಿದ್ದನು. ಮೊದಲ ಏಳು ವರ್ಷಗಳಲ್ಲಿ ಬಹುಕಾಲವನ್ನು ಕೋಣೆಯಲ್ಲಿಯೂ ಹಾಸಿಗೆಯಲ್ಲಿಯೂ ಕಳೆದನು. ಆಗ ಅವನಿಗೆ ಸಂಗಾತಿಗಳಾಗಿದ್ದವು ಮರದ ತುಂಡುಗಳು. ಅವುಗಳನ್ನು ಜೋಡಿಸಿ ಕೆಡವಿ ಆಡುತ್ತಾ ಆಡುತ್ತಾ ಆಕಾರಗಳ ಸಂಬಂಧವನ್ನು ಅವನು ತಾನಾಗಿಯೇ ಕಲಿತುಬಿಟ್ಟನು. ಶಾಲೆಯಲ್ಲಿ ರೇಖಾಗಣಿತದ ಪಾಠ ಆರಂಭವಾದಾಗ, ಉಪಾಧ್ಯಾಯರು ಹೇಳಬೇಕೆಂದಿದ್ದ ಸಂಗತಿಗಳು ಈ ಹುಡುಗನಿಗೆ ಮೊದಲೇ ಗೊತ್ತಿರುವುದನ್ನು ಕಂಡು ಅವರು ಬೆರಗಾದರಂತೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನೂ ವ್ಯಾಕರಣದ ರೂಪಗಳನ್ನೂ ಬಾಯಿಪಾಠ ಮಾಡುವುದು ಅವನಿಗೆ ಬಹು ಕಷ್ಟವಾಗುತ್ತಿತ್ತು. ಲ್ಯಾಟಿನ್ ಪಾಠ ನಡೆಯುತ್ತಿರುವಾಗ ಅವನು ಮೇಜಿನ ಕೆಳಗೆ ಕಾಗದವನ್ನಿಟ್ಟುಕೊಂಡು, ದೂರದರ್ಶಕ ಯಂತ್ರದೊಳಗೆ ಬೆಳಕಿನ ಕಿರಣಗಳು ಹೋಗುವ ದಾರಿಯನ್ನು ಲೆಕ್ಕ ಹಾಕುತ್ತಿದ್ದನು. ಮನೆಯಲ್ಲಿ ಸಿಕ್ಕಿದ ಕನ್ನಡಕದ ಗಾಜುಗಳಿಂದ ಸಣ್ಣ ಉಪಕರಣಗಳನ್ನು ಮಾಡುತ್ತಿದ್ದನು. ತರಗತಿಯಲ್ಲಿ ಬಾಯಿಪಾಠ ಒಪ್ಪಿಸಲಾರದ ಮಕ್ಕಳನ್ನು ದಡ್ಡರೆಂದು ಎಣಿಸಲು ಆತುರಪಡುವ ತಾಯಿತಂದೆಗಳೂ ಉಪಾಧ್ಯಾಯಿನಿಯರೂ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಯುವಕನು ಭೌತಶಾಸ್ತ್ರವನ್ನು ಕಲಿಯಲು ಆಶಿಸಿದನು. ಅದಕ್ಕೆ ವೆಚ್ಚ ಮಾಡಲು ತಂದೆಗೆ ಶಕ್ತಿಯಿರಲಿಲ್ಲ. ಬರ್ಲಿನ್ನಿನಲ್ಲಿ ಸರಕಾರದವರು ನಡೆಸುತ್ತಿದ್ದ ಒಂದು ವೈದ್ಯಶಾಲೆಯಲ್ಲಿ ಶುಲ್ಕವಿಲ್ಲದೆ ವೈದ್ಯವಿದ್ಯೆಯನ್ನು ಕಲಿಸುತ್ತಿದ್ದರು. ಅದಕ್ಕೆ ಪ್ರತಿಯಾಗಿ ಕಲಿತವರು ಎಂಟು ವರ್ಷ ಸೈನ್ಯದ ವೈದ್ಯರಾಗಿ ಸೇವೆ ಮಾಡಬೇಕಾಗಿತ್ತು. ೧೮೩೮ರಲ್ಲಿ ಹೆಲ್ಮ್‌ಹೋಲ್ಟ್ಸರು ಆ ಶಾಲೆಯನ್ನು ಸೇರಿದರು. ಹೀಗೆ ಬಡತನವೇ ಅವರನ್ನು ವೈದ್ಯರನ್ನಾಗಿ ಮಾಡಿತು. ಅಲ್ಲಿ ಯೋಹಾನ್ನೆಸ್ ಮ್ಯೂಲರ್ ಎಂಬ ಪ್ರಸಿದ್ಧ ಶರೀರಶಾಸ್ತ್ರಜ್ಞರು ಅವರ ಗುರುಗಳಾದರು. ವಿದ್ಯಾರ್ಥಿಯಾಗಿದ್ದಾಗ ವಿಷಮಜ್ವರದಿಂದ ಮಲಗಿ, ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಚಿಕಿತ್ಸೆ ಹೊಂದಿದಾಗ ಉಳಿದ ತಮ್ಮ ಅಲ್ಪ ಭತ್ಯದ ಹಣದಿಂದ ಅವರು ಒಂದು ಸೂಕ್ಷ್ಮದರ್ಶಕವನ್ನು ಕೊಂಡುಕೊಂಡರು. ಅದರಿಂದ ನರಗಳ ಎಳೆಗಳನ್ನು ಪರೀಕ್ಷಿಸಿ ಬರೆದ ಪ್ರಬಂಧಕ್ಕಾಗಿ ೧೮೪೨ರಲ್ಲಿ ಅವರಿಗೆ ವೈದ್ಯ ಪದವಿಯು ದೊರೆಯಿತು.

ಮುಂದೆ ಪಾಟ್ಸ್‌ಡಾಮಿನ ದಂಡಿನಲ್ಲಿ ವೈದ್ಯರಾಗಿದ್ದಾಗಲೇ, ಶಕ್ತಿಯು ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಮಾರ್ಪಡುವುದೇ ಹೊರತು ನಾಶವಾಗುವುದಿಲ್ಲವೆಂಬ ತತ್ತ್ವವನ್ನು ಗಣಿತದ ಮೂಲಕ ಸ್ಥಾಪಿಸುವ ಗ್ರಂಥವನ್ನು ಅವರು ೧೮೪೭ರಲ್ಲಿ ಪ್ರಕಟಿಸಿದರು. ಆಗ ಅವರಿಗೆ ೨೬ ವರ್ಷ. ಮರುವರ್ಷ, ವಿದ್ವಾಂಸರಾದ ಹಂಬೋಲ್ಟರ ಸಹಾಯದಿಂದ ದಂಡಿನ ಸೇವೆಯ ಉಳಿದ ಅವಧಿಗೆ ವಿನಾಯಿತಿ ದೊರೆತು, ಬರ್ಲಿನ್ನಿನ ಕಲಾಶಾಲೆಯಲ್ಲಿ ಚಿತ್ರಕಾರರಿಗೆ ದೇಹರಚನೆಯ ಪಾಠ ಹೇಳುವವರಾದರು. ೧೮೪೯ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರದ ಅಧ್ಯಾಪಕರಾಗಿ ನೇಮಿತರಾದರು. ಅದೇ ವರ್ಷ ಓಲ್ಗಾ ಎಂಬ ಕನ್ಯೆಯನ್ನು ವಿವಾಹವಾದರು. ಸುಶಿಕ್ಷಿತಳಾದ ಈ ಸಾಧ್ವಿಯು ಪತಿಯ ಪ್ರಯೋಗಶಾಲೆಯಲ್ಲಿ ಪಕ್ಕದಲ್ಲಿ ಕುಳಿತು ಅಳತೆಗಳನ್ನು ಬರೆದುಕೊಳ್ಳುತ್ತಿದ್ದರು. ನರಗಳಲ್ಲಿ ಹರಿಯುವ ಪ್ರೇರಣೆಯ ವೇಗವನ್ನು ಅಳೆಯುವುದು ಅಸಾಧ್ಯವೆಂದು ಗುರುಗಳಾದ ಮ್ಯೂಲರರು ನಂಬಿದ್ದರು. ಶಿಷ್ಯರಾದರೋ ೧೮೫೦ರಲ್ಲಿ ಕಪ್ಪೆಯ ನರದಲ್ಲಿ ಅದನ್ನು ಅಳೆದೇ ತೋರಿಸಿದರು.

ನೇತ್ರದ ರಚನೆ

ಹೆಲ್ಮ್‌ಹೋಲ್ಟ್ಸರು ಕಂಡುಹಿಡಿದುದು ಏನೆಂಬುದನ್ನು ತಿಳಿಯಬೇಕಾದರೆ ಕಣ್ಣಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಹಳೆಯ ವಿದ್ಯಾರ್ಥಿನಿಯರಿಗೆ ಇದು ಮರೆತ ಪಾಠದ ಪುನರಾವರ್ತನೆಯಾಗುವುದು.

ಕಣ್ಣುಗುಡ್ಡೆಯು ಸುಮಾರು ಒಂದು ಅಂಗುಲ ಅಡ್ಡಳತೆಯುಳ್ಳ ಗೋಲ. ಅದರ ಹೊರಗೋಡೆಯೇ ನಾವು ಬಿಳಿ ಗುಡ್ಡೆಯೆಂದು ಕರೆಯುವ ಗಟ್ಟಿಯಾದ ಪದರ. ಮುಂಭಾಗದಲ್ಲಿ ಮಾತ್ರ ಈ ಗೋಡೆಯು ಗಡಿಯಾರದ ಗಾಜಿನಂತೆ ಉಬ್ಬಿ ಸ್ವಚ್ಛವಾಗಿದೆ. ಬೆಳಕು ಒಳಗೆ ಬರುವುದು ಇದರ ಮೂಲಕ. ಅದರ ಹಿಂದೆ ಕಪ್ಪು ಅಥವಾ ಕಂದು ಬಣ್ಣದ ತೆರೆಯೊಂದಿದೆ. ಆ ತೆರೆಯ ನಡುವಿನ ರಂಧ್ರವೇ ಪಾಪೆ. ಬಿಸಿಲಿನಲ್ಲಿ ಅದು ಕಿರಿದಾಗುವುದು, ಕತ್ತಲೆಯಲ್ಲಿ ಅಗಲವಾಗುವುದು. ಪಾಪೆಯ ಹಿಂದೆ, ಸೂಕ್ಷ್ಮ ನೂಲುಗಳಿಂದ ಕಟ್ಟಿ ತೂಗಹಾಕಿದಂತೆ, ಮಸೂರವಿದೆ. ವೃದ್ಧಾಪ್ಯದಲ್ಲಿ ಪೊರೆ ಬರುವುದೆಂದರೆ ಈ ಮಸೂರವು ಮಬ್ಬಾಗುವುದು. ಮಸೂರದ ಹಿಂದಿನ ವಿಶಾಲವಾದ ಭಾಗದಲ್ಲೆಲ್ಲ ಗಾಜಿನಷ್ಟು ಸ್ವಚ್ಛವಾದ ಲೋಳೆಯು ತುಂಬಿದೆ. ಕಡೆಗೆ, ಗೋಲದ ಒಳಗೋಡೆಗೆ ಅಂಟಿಕೊಂಡಿರುವುದು ಅಕ್ಷಿಪಟಲ. ರೆಟಿನಾ ಎಂದರೂ ಅದೇ. ಹೊರಗಿನ ವಸ್ತುಗಳ ಬಿಂಬವು ಇದರ ಮೇಲೆ ಬೀಳುವುದು. ಅದರ ಬೆನ್ನಿಗೆ ರಕ್ತನಾಳಗಳಿಂದ ತುಂಬಿದ ಕೆಂಪು ಪದರವಿದೆ. ಅಕ್ಷಿಪಟಲದಿಂದ ಹೊರಟ ಲಕ್ಷಾಂತರ ಎಳೆಗಳು ಒಂದುಗೂಡಿ ದೃಷ್ಟಿನರವಾಗಿ ಮೆದುಳಿಗೆ ಹೋಗುತ್ತವೆ.

ಸತ್ತವರ ಕಣ್ಣನ್ನು ಕೊಯ್ದು ನೋಡಿದ್ದ ಪಂಡಿತರಿಗೆ ಇದರಲ್ಲಿ ಬಹುಭಾಗವು ಗೊತ್ತಿತ್ತು. ಆದರೆ ಜೀವಂತ ಮನುಷ್ಯನ ಕಣ್ಣಿನ ಒಳಗೆ ಏನು ನಡೆಯುತ್ತದೆಂಬುದನ್ನು ಕಣ್ಣಾರೆ ನೋಡುವ ಉಪಾಯ ವೈದ್ಯರಿಗೆ ದೊರೆತಿರಲಿಲ್ಲ. ಪಾಪೆಯು ತೆರೆದ ಕಿಟಕಿಯೇ ಆಗಿದ್ದರೂ ಅದರೊಳಗೆ ಬರೀ ಕತ್ತಲೆಯು ಕಾಣುತ್ತಿತ್ತು. ಪಾಪೆಯಾಚೆಗಿನ ರೋಗದಿಂದ ಕುರುಡಾದವರ ಕಣ್ಣು ಹೊರಗಿನಿಂದ ನಿರ್ಮಲವಾಗಿ ಕಾಣುವುದುಂಟು. ಅಂಥವರ ವಿಷಯದಲ್ಲಿ ವೈದ್ಯರು ಊಹೆಯನ್ನಲ್ಲದೆ ಬೇರೇನನ್ನೂ ಹೇಳಲಾರದವರಾಗಿದ್ದರು.

ಪಾಠದ ಸಿದ್ಧತೆಯಲ್ಲಿ ಹುಟ್ಟಿದ ಉಪಕರಣ

೧೮೫೦ನೆಯ ಇಸವಿಯ ಕಡೆಯಲ್ಲಿ ಹೆಲ್ಮ್‌ಹೋಲ್ಟ್ಸರು ತಮ್ಮ ವಿದ್ಯಾರ್ಥಿಗಳಿಗೆ, ಕೆಲವು ಪ್ರಾಣಿಗಳ ಮತ್ತು ಮನುಷ್ಯರ ಕಣ್ಣು ಒಮ್ಮೊಮ್ಮೆ ಹೊಳೆಯುವುದೇಕೆಂಬ ವಿಷಯವನ್ನು ಬೋಧಿಸಬೇಕಾಗಿತ್ತು. ಅವರ ಮಿತ್ರರಾದ ಬ್ರ್ಯೂಕೆಯವರು ಈ ಹೊಳಪನ್ನು ಮೊದಲೇ ಪರೀಕ್ಷಿಸಿದ್ದರು. ಪಾಠವನ್ನು ಅಣಿಮಾಡುತ್ತಿರುವಾಗ ಹೆಲ್ಮ್‌ಹೋಲ್ಟ್ಸರು ಒಂದು ಹೆಜ್ಜೆ ಮುಂದೆ ಹೋಗಿ, ಒಳಗಿನಿಂದ ಹಿಂತಿರುಗಿ ಬರುವ ಬೆಳಕಿನಿಂದ ಯಾವ ಬಿಂಬವು ಉಂಟಾಗುವುದೆಂದು ತಮ್ಮನ್ನೇ ಕೇಳಿಕೊಂಡರು.

ಉತ್ತರವು ಹೀಗಿದೆ. ಕಣ್ಣಿನೊಳಗೆ ಹೋದ ಬೆಳಕು ಅಕ್ಷಿಪಟಲವನ್ನು ಮುಟ್ಟಿ, ಅದರಲ್ಲೊಂದು ಭಾಗವು ಬಂದ ದಾರಿಯಲ್ಲಿಯೇ ಹಿಂದಿರುಗುವುದು. ಆದಕಾರಣ ಅದು ದೀಪವಿದ್ದ ಸ್ಥಳಕ್ಕೇ ಹೋಗಿ ಸೇರುವುದು. ಅದನ್ನು ನೋಡಬೇಕೆನ್ನುವವನು ದೀಪವಿರುವ ಜಾಗದಲ್ಲಿಯೇ ತನ್ನ ಕಣ್ಣನ್ನಿಡಬೇಕು. ಹಾಗೆ ಇಟ್ಟರೆ ಅವನ ತಲೆಯೇ ದೀಪಕ್ಕೆ ಅಡ್ಡವಾಗುವುದು. ಪಾಪೆಯು ನಮಗೆ ಕಪ್ಪಾಗಿ ಕಾಣುವುದು ಈ ಕಾರಣದಿಂದ. ಒಳಗೆ ಕತ್ತಲೆಯಿರುವುದರಿಂದಲ್ಲ, ನೋಡುವವನು ತನ್ನ ಬೆಳಕಿಗೆ ತಾನೇ ಮರೆಯಾಗುವುದರಿಂದ.

ತೊಡಕನ್ನು ಅರಿತ ಮೇಲೆ ಪರಿಹಾರವು ಸುಲಭವಾಯಿತು. ದೀಪವನ್ನು ರೋಗಿಯ ಪಕ್ಕದಲ್ಲಿಟ್ಟು, ತೆಳುವಾದ ಕೆಲವು ಗಾಜಿನ ಹಾಳೆಗಳನ್ನು ಓರೆಯಾಗಿ ನಿಲ್ಲಿಸಿದರು. ಬೆಳಕಿನಲ್ಲೊಂದು ಭಾಗವು ಗಾಜಿಗೆ ತಗಲಿ ಪ್ರತಿಫಲಿಸಿ ರೋಗಿಯ ಪಾಪೆಯೊಳಗೆ ಹೋಗುವುದು. ಅಲ್ಲಿಂದ ಹಿಂತಿರುಗಿದ ಬೆಳಕಿನಲ್ಲೊಂದು ಭಾಗವು ಅದೇ ಗಾಜನ್ನು ತೂರಿಕೊಂಡು ಹಿಂದಿರುವ ವೈದ್ಯನ ಕಣ್ಣನ್ನು ಸೇರುವುದು. ಕಿರಣಗಳನ್ನು ಸರಿಪಡಿಸಲು ನಡುವೆ ಒಂದು ತಗ್ಗುಗಾಜು. ಕನ್ನಡಕದ ಗಾಜು, ಸೂಕ್ಷ್ಮದರ್ಶಕಕ್ಕೆ ಉಪಯೋಗಿಸುವ ಗಾಜಿನ ತುಂಡುಗಳು, ರಟ್ಟು, ಅಂಟು, ಇಷ್ಟೇ ಸಾಮಗ್ರಿ. ಬಾಲ್ಯದಲ್ಲಿ ಆಟಕ್ಕೆ ಜೋಡಿಸಿದ ಕನ್ನಡಕದ ಗಾಜು ಈಗ ಲೋಕೋಪಕಾರಕ್ಕೆ ಒದಗಿತು. ಕೆಲವು ದಿನ ವಿಫಲ ಪ್ರಯತ್ನ ಮಾಡಿ, ಕಡೆಗೆ ಅವರು ಜೀವಂತ ಮನುಷ್ಯನ ಅಕ್ಷಿಪಟಲವನ್ನೂ ಅದರ ಮೇಲೆ ಕೊಂಬೆಗಳಂತೆ ಹರಡಿದ ರಕ್ತನಾಳಗಳನ್ನೂ ಸ್ಪಷ್ಟವಾಗಿ ಕಂಡರು. ೧೮೫೦ನೆಯ ಡಿಸೆಂಬರ್ ೬ರಂದು ಬರ್ಲಿನ್ನಿನ ಭೌತಶಾಸ್ತ್ರ ಸಂಘಕ್ಕೆ ಈ ಸಂಗತಿಯು ತಿಳಿಸಲ್ಪಟ್ಟಿತು. ೧೮೫೧ರಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಅಚ್ಚಾಯಿತು. ಆಫ್ತಾಲ್ಮೊಸ್ಕೋಪ್ ಎಂದು ಇಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಕರೆಯಲ್ಪಡುವ ನೇತ್ರದರ್ಶಕವು ಇದೇ.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಎಂಬುವರು ೧೮೪೭ರಲ್ಲಿಯೇ ಇಂಥದೊಂದು ಉಪಕರಣವನ್ನು ಮಾಡಿದ್ದರು. ಆದರೆ ಅದರ ವಿಚಾರವು ಆಗ ಪ್ರಕಟವಾಗದೆ ಉಳಿದುದರಿಂದ ಜನರಿಗೆ ಉಪಯೋಗವಾಗಲಿಲ್ಲ. ಹೆಲ್ಮ್‌ಹೋಲ್ಟ್ಸರು ತಾವು ಕಂಡದ್ದನ್ನು ಬಚ್ಚಿಡದೆ, ಅದನ್ನು ಮಾಡುವ ಬಗೆಯನ್ನೆಲ್ಲ ಬರೆದು ಎಲ್ಲರ ಕೈಗೆ ಕೊಟ್ಟರು. ಕೋನಿಗ್ಸ್‌ಬರ್ಗಿನ ರೆಕೋಸ್ ಎಂಬ ಯಂತ್ರಕಾರನು ಅದಕ್ಕೆ ತಿರುಗುವ ಗಾಜಿನ ಚಕ್ರವನ್ನು ಸೇರಿಸಿದನು. ೧೮೫೨ರಲ್ಲಿ ರೂಟೆಯೆಂಬ ವೈದ್ಯರು ನಡುವೆ ತೂತುಳ್ಳ ಕನ್ನಡಿಯನ್ನು ಉಪಯೋಗಿಸಿ ಬೆಳಕನ್ನು ಹೆಚ್ಚಿಸಿದರು. ಬರ್ಲಿನ್ನಿನ ತರುಣ ನೇತ್ರವೈದ್ಯರಾದ ಆಲ್ಬ್ರೆಕ್ಟ್ ಫಾನ್ ಗ್ರೇಫೆಯವರು ಇದನ್ನು ಕೈಗೆ ತೆಗೆದುಕೊಂಡು, ಹೊಸ ಲೋಕವೊಂದು ತೆರೆದಂತೆ ಹರ್ಷಪಟ್ಟು, ತಮ್ಮ ಅಲ್ಪಾಯುಷ್ಯದಲ್ಲಿಯೇ ನೇತ್ರವೈದ್ಯವನ್ನು ಹೊಸ ಅಸ್ತಿವಾರದ ಮೇಲೆ ನಿಲ್ಲಿಸಿದರು.

ಕಣ್ಣಿನ ಅರ್ಬುದ

ಈಗ ಮೇಡ್ಲೇರಿಯ ಕೂಸಿನ ಕಣ್ಣಿನಲ್ಲಿದ್ದ ರೋಗದ ವಿಷಯಕ್ಕೆ ಬರುವೆನು. ಅರ್ಬುದ ಅಥವಾ ಕ್ಯಾನ್ಸರ್ ಎಂಬುದು, ದೇಹದ ಅಣುಕೋಶಗಳು ತಮ್ಮ ಕ್ರಮವನ್ನು ಮೀರಿ ಮಿತಿಯಿಲ್ಲದೆ ಬೆಳೆಯುವ ರೋಗ. ಕಣ್ಣಿನ ಬೇರೆ ಬೇರೆ ಭಾಗಗಳಲ್ಲಿ ಅದು ಬೇರೆ ಬೇರೆ ರೂಪದಲ್ಲಿ ಹುಟ್ಟಬಹುದು. ರೆಪ್ಪೆಯಲ್ಲಿರುವ ಎಣ್ಣೆಯ ಗ್ರಂಥಿಗಳಲ್ಲಿ ಹುಟ್ಟುವುದುಂಟು. ಇದು ವಯಸ್ಸಾದವರಲ್ಲಿ ಕುರುವಿನಂತೆ ತೋರಿ, ವಾಸಿಯಾದಂತಾಗಿ ಅದೇ ಸ್ಥಳದಲ್ಲಿ ಮತ್ತೆ ಮತ್ತೆ ಬರುವುದು. ಕಪ್ಪು ಬಿಳುಪು ಗುಡ್ಡೆಗಳು ಕೂಡುವ ಅಂಚಿನಲ್ಲಿ ಮಾಂಸದಂತೆ ಬೆಳೆಯುವುದುಂಟು. ಬಹುಕಾಲ ಬಿಸಿಲಿನಲ್ಲಿ ದುಡಿಯುವವರು ಇದರ ವಿಷಯದಲ್ಲಿ ಎಚ್ಚರವಾಗಿರಬೇಕು. ರಕ್ತನಾಳಗಳ ಪದರದಲ್ಲಿ ಕಪ್ಪು ಗಂಟಾಗಿ ಹುಟ್ಟುವುದು ದೊಡ್ಡವರಲ್ಲಿ. ಅದು ನಮ್ಮ ದೇಶದವರಿಗಿಂತ ಯುರೋಪಿನವರಲ್ಲಿ ಹೆಚ್ಚು. ಅಕ್ಷಿಪಟಲದಲ್ಲಿಯೇ ಹುಟ್ಟುವ ಅರ್ಬುದವು ಮಾತ್ರ ಶಿಶುಗಳದು. ಅದನ್ನು ರೆಟಿನೊಬ್ಲಾಸ್ಟೋಮ ಎನ್ನುವರು. ಸುಮಾರು ೧೫,೦೦೦ದಿಂದ ೨೦,೦೦೦ ಮಕ್ಕಳಲ್ಲಿ ಒಬ್ಬರಿಗೆ ಇದು ಬರುವುದು. ಬಹುಮಟ್ಟಿಗೆ ಐದು ವರ್ಷದೊಳಗೇ ತೋರುವುದು.

ಆರೋಗ್ಯವಂತ ಕಣ್ಣಿನ ಒಳಗೆ ಬೆಳಕು ಬಿದ್ದು ಹಿಂತಿರುಗಿದರೆ, ಹಿಂದಿನ ರಕ್ತನಾಳಗಳ ಪದರದಿಂದಾಗಿ ಅದು ಕೆಂಪಾಗಿ ತೋರುವುದು. ಅರ್ಬುದದ ಗಂಟಾದರೋ ಬೆಳ್ಳಗಿರುವುದು. ಗಂಟು ಬೆಳೆದು ಪಾಪೆಯ ಎದುರಿಗೆ ಬಂದಾಗ, ಓರೆಯಾದ ದೀಪದ ಬೆಳಕಿನಲ್ಲಿ ಅದೇ ಬಿಳುಪು ಬೆಕ್ಕಿನ ಕಣ್ಣಿನಂತೆ ಹೊಳೆಯುವುದು. ಇಂದಿನ ಛಾಯಾಚಿತ್ರಗಳಲ್ಲಿ ಮಿಂಚುದೀಪದ ಬೆಳಕಿಗೆ ಒಂದು ಕಣ್ಣು ಕೆಂಪಾಗಿಯೂ ಮತ್ತೊಂದು ಬೆಳ್ಳಗೂ ಕಾಣುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಹಗಲು ಬೆಳಕಿನಲ್ಲಿ ಪಾಪೆಯು ಕಿರಿದಾಗಿರುವುದರಿಂದ ಏನೂ ಕಾಣದೆ ಹೋಗಬಹುದು. ನಾನು ಮೋಸಹೋದದ್ದು ಇಲ್ಲಿಯೇ.

ಸ್ಕಾಟ್ಲೆಂಡಿನ ಜೇಮ್ಸ್ ವಾರ್ಡ್ರಾಪ್ ಎಂಬ ಶಸ್ತ್ರವೈದ್ಯರು ೧೮೦೯ರಲ್ಲಿಯೇ ಈ ರೋಗವನ್ನು ವಿವರಿಸಿ, ಕಣ್ಣನ್ನು ಬೇಗನೆ ತೆಗೆದರೆ ಮಗುವಿನ ಪ್ರಾಣ ಉಳಿಯಬಹುದೆಂದು ಸಾರಿದ್ದರು. ಆದರೆ ಆ ಕಾಲದಲ್ಲಿ ನೋವು ತಿಳಿಯದಂತೆ ಮಾಡುವ ಔಷಧವಿರಲಿಲ್ಲ. ರೋಗವನ್ನು ಬೇಗನೆ ಗುರುತಿಸುವ ಉಪಾಯವೂ ಇರಲಿಲ್ಲ. ಎಲ್ಲರಿಗೂ ಕಾಣುವಷ್ಟು ಬಿಳುಪು ತುಂಬುವ ವೇಳೆಗೆ, ಅಥವಾ ಕಣ್ಣು ಮುಂದಕ್ಕೆ ಉಬ್ಬುವ ವೇಳೆಗೆ, ರೋಗವು ದೃಷ್ಟಿನರವೆಂಬ ದಾರಿಯನ್ನು ಹಿಡಿದು ಮೆದುಳಿನ ಕಡೆಗೆ ಹೊರಟಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಕ್ಲೋರೋಫಾರಮ್ಮೂ ಹೆಲ್ಮ್‌ಹೋಲ್ಟ್ಸರ ನೇತ್ರದರ್ಶಕವೂ ಒಂದರ ಹಿಂದೆ ಒಂದು ಬಂದ ಮೇಲೆಯೇ ವಾರ್ಡ್ರಾಪರ ಬುದ್ಧಿವಾದವು ಕಾರ್ಯಕ್ಕೆ ಬಂತು.

ಇಂದು ಚಿಕಿತ್ಸೆಯು ಬಹು ಮುಂದುವರಿದಿದೆ. ಗಂಟು ಚಿಕ್ಕದಾಗಿರುವಾಗಲೇ ಕಂಡುಬಂದರೆ ಔಷಧಗಳಿಂದಲೂ, ಲೇಸರ್ ಕಿರಣಗಳಿಂದಲೂ, ಅತಿಶೀತದ ಪ್ರಯೋಗದಿಂದಲೂ ಅದನ್ನು ಕರಗಿಸಿ ಕಣ್ಣನ್ನು ಉಳಿಸುವುದುಂಟು. ಬಹಳ ಬೆಳೆದಿದ್ದರೆ ಕಣ್ಣನ್ನು ತೆಗೆದು ಪ್ರಾಣವನ್ನು ಉಳಿಸುವರು. ಅನುಕೂಲಗಳುಳ್ಳ ದೇಶಗಳಲ್ಲಿ ಈ ರೋಗದ ಮಕ್ಕಳಲ್ಲಿ ೧೦೦ಕ್ಕೆ ೯೫ಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ತಡವಾಗಿ ಬರುವ ಕಡೆಗಳಲ್ಲಿ ಹಾಗಿಲ್ಲ. ಭೇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕಾಲ. ರೋಗವು ತಾಯಿಯ ಪಾಪದಿಂದಾಗಲಿ ಆಹಾರದಿಂದಾಗಲಿ ಬಂದದ್ದಲ್ಲ. ಅಮೆರಿಕದ ಆಲ್ಫ್ರೆಡ್ ನುಡ್ಸನ್ ಎಂಬುವರು ೧೯೭೧ರಲ್ಲಿ ಇದರ ಹುಟ್ಟಿನ ಕ್ರಮವನ್ನು ವಿವರಿಸಿದರು. ೧೯೮೬ರಲ್ಲಿ ಇದಕ್ಕೆ ಸಂಬಂಧಪಟ್ಟ ವಂಶವಾಹಿಯನ್ನು ಪಂಡಿತರು ಹಿಡಿದು ತೋರಿಸಿದರು. ಹೆಚ್ಚಿನ ಮಕ್ಕಳಿಗೆ ಇದು ಆನುವಂಶಿಕವಲ್ಲ. ಆದರೂ ಕೆಲವರಿಗೆ ಹಾಗಿರುವುದರಿಂದ, ಒಂದು ಮಗುವಿಗೆ ಬಂದರೆ ಅದರ ಒಡಹುಟ್ಟಿದವರ ಕಣ್ಣುಗಳನ್ನೂ ತೋರಿಸತಕ್ಕದ್ದು.

ಉಳಿದ ಜೀವಿತ

ಕೀರ್ತಿಯು ಬಂದರೂ ಹೆಲ್ಮ್‌ಹೋಲ್ಟ್ಸರ ಮನೆಗೆ ದುಃಖವು ತಪ್ಪಲಿಲ್ಲ. ಓಲ್ಗಾರವರಿಗೆ ಶ್ವಾಸಕೋಶದ ರೋಗವು ಅಂಟಿತ್ತು. ಕೋನಿಗ್ಸ್‌ಬರ್ಗಿನ ಚಳಿಯು ಅವರಿಗೆ ಒಗ್ಗದಿರಲು, ೧೮೫೫ರಲ್ಲಿ ಕುಟುಂಬವು ಬಾನ್ ಪಟ್ಟಣಕ್ಕೂ ೧೮೫೮ರಲ್ಲಿ ಹೈಡೆಲ್‌ಬರ್ಗಿಗೂ ಹೋಯಿತು. ೧೮೫೯ರ ಡಿಸೆಂಬರಿನಲ್ಲಿ ಇಬ್ಬರು ಚಿಕ್ಕ ಮಕ್ಕಳನ್ನು ಬಿಟ್ಟು ಅವರು ತೀರಿಕೊಂಡರು. ಅದೇ ವರ್ಷ ತಂದೆಯವರೂ ಗತಿಸಿದ್ದರು. ಸಹಸ್ರಾರು ಜನರ ರೋಗವನ್ನು ಬೆಳಕಿಗೆ ತಂದ ಮಹನೀಯರು ತಮ್ಮ ಪತ್ನಿಯ ರೋಗದ ಮುಂದೆ ನಿರುಪಾಯರಾಗಿ ನಿಂತರು. ೧೮೬೧ರಲ್ಲಿ ಆನ್ನಾ ಎಂಬವರನ್ನು ಅವರು ಪುನಃ ವಿವಾಹವಾದರು.

ಕೆಲಸವನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಹತ್ತಿರದ ಅಕ್ಷರವನ್ನು ಓದುವಾಗ ಕಣ್ಣಿನೊಳಗಣ ಸಣ್ಣ ಸ್ನಾಯು ಬಿಗಿದು, ನೂಲುಗಳು ಸಡಿಲವಾಗಿ, ಮಸೂರವು ಉಬ್ಬುವುದೆಂದು ಅಳೆದು ತೋರಿಸಿದರು. ಮೂರು ಮೂಲವರ್ಣಗಳ ಸಂವೇದನೆಯಿಂದ ಎಲ್ಲ ಬಣ್ಣಗಳ ಅರಿವೂ ಉಂಟಾಗುವುದೆಂಬ ಥಾಮಸ್ ಯಂಗರ ವಾದವನ್ನು ಪುಷ್ಟಿಗೊಳಿಸಿದರು. ದೃಷ್ಟಿಯ ಕುರಿತಾದ ಅವರ ಮಹಾಗ್ರಂಥವು ೧೮೫೬ರಿಂದ ೧೮೬೭ರ ವರೆಗೆ ಭಾಗಭಾಗವಾಗಿ ಹೊರಬಂತು. ಕಿವಿಯ ವಿಷಯದಲ್ಲಿಯೂ ಸಂಗೀತದ ಸ್ವರಗಳ ವಿಷಯದಲ್ಲಿಯೂ ೧೮೬೩ರಲ್ಲಿ ಮತ್ತೊಂದು ಗ್ರಂಥವನ್ನು ಬರೆದರ‍ು. ಬಾಲ್ಯದ ಆಸೆಯು ಐವತ್ತನೆಯ ವಯಸ್ಸಿಗೆ ಕೈಗೂಡಿತು: ೧೮೭೧ರಲ್ಲಿ ಬರ್ಲಿನ್ನಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ವಿದ್ಯುತ್ತಿನ ಅಲೆಗಳನ್ನು ಕಂಡುಹಿಡಿದ ಹೈನ್‌ರಿಕ್ ಹರ್ಟ್ಸರು ಅವರ ಶಿಷ್ಯರು. ೧೮೮೩ರಲ್ಲಿ ಅರಸರು ಅವರಿಗೆ ಕುಲೀನ ಪದವಿಯನ್ನಿತ್ತರು. ೧೮೯೩ರಲ್ಲಿ ಅಮೆರಿಕಕ್ಕೆ ಹೋಗಿ ಬರುವಾಗ ಹಡಗಿನ ಮೆಟ್ಟಿಲಿನಿಂದ ಬಿದ್ದು ಪೆಟ್ಟಾಯಿತು. ಮರುವರ್ಷ ಲಕ್ವ ಹೊಡೆದು, ೧೮೯೪ನೆಯ ಸೆಪ್ಟೆಂಬರ್ ೮ರಂದು ಕಾಲವಾದರು.

ನಮ್ಮ ನಾಡಿನಲ್ಲಿ

ಹೆಲ್ಮ್‌ಹೋಲ್ಟ್ಸರು ಬರ್ಲಿನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ವರ್ಷಗಳಲ್ಲಿಯೇ ಬಾಸೆಲ್ ಮಿಶನ್ನಿನವರು ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ೧೮೪೧ರಲ್ಲಿ ಗದಗಿನ ಬೆಟಗೇರಿಯಲ್ಲಿಯೂ ನೆಲೆಯೂರಿ, ನಮ್ಮ ಈ ಸೀಮೆಯಲ್ಲಿ ಶಾಲೆಗಳನ್ನು ತೆರೆಯುತ್ತಿದ್ದರು. ಅವರು ಕಾಲವಾದ ೧೮೯೪ರಲ್ಲಿಯೇ, ಜರ್ಮನಿಯವರಾದ ಕಿಟ್ಟೆಲ್ ಪಾದ್ರಿಗಳ ಕನ್ನಡ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ಒಬ್ಬರು ಒಂದು ಭಾಷೆಯ ಒಳಗನ್ನು ಬೆಳಗಿದರು, ಮತ್ತೊಬ್ಬರು ಕಣ್ಣಿನ ಒಳಗನ್ನು ಬೆಳಗಿದರು.

ಬೀಳಗಿಯಲ್ಲಿ ೧೯೧೬ರಲ್ಲಿ ಹುಟ್ಟಿ ೨೦೦೫ರಲ್ಲಿ ಗತಿಸಿದ ಡಾಕ್ಟರ್ ಎಂ. ಸಿ. ಮೋದಿಯವರನ್ನು ಇಲ್ಲಿ ನೆನೆಯದಿರಲಾಗದು. ಅವರು ಊರೂರುಗಳಲ್ಲಿ ಶಿಬಿರಗಳನ್ನು ನಡೆಸಿ, ಪೊರೆಯಿಂದ ಕುರುಡಾಗಿದ್ದ ಲಕ್ಷಾಂತರ ಬಡವರಿಗೆ ದೃಷ್ಟಿಯನ್ನು ಕೊಟ್ಟರು. ನಮ್ಮ ಹಳ್ಳಿಗಳಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ಭಯವು ಕಡಿಮೆಯಾದುದಕ್ಕೆ ಇಂಥ ಶಿಬಿರಗಳೂ ಕಾರಣ. ಆದರೆ ಪೊರೆಯ ಪರಿಚಯವು ಹೆಚ್ಚಿದಂತೆ ಒಂದು ತಪ್ಪು ತಿಳಿವಳಿಕೆಯೂ ಉಂಟಾಗಿದೆ. ಪಾಪೆಯ ಬಿಳುಪೆಲ್ಲವೂ ಪೊರೆಯೇ, ಪೊರೆಯು ಹಣ್ಣಾಗುವ ತನಕ ಕಾಯಬಹುದು ಎಂದು ಹಿರಿಯರು ಹೇಳುವರು. ವೃದ್ಧರ ಬಿಳುಪು ಸಾಮಾನ್ಯವಾಗಿ ಪೊರೆಯೇ ಸರಿ. ಶಿಶುವಿನ ಬಿಳುಪು ಪೊರೆಯೂ ಆಗಿರಬಹುದು, ಅರ್ಬುದವೂ ಆಗಿರಬಹುದು. ಎರಡರಲ್ಲಿ ಯಾವುದಾದರೂ ಕಾಯತಕ್ಕದ್ದಲ್ಲ. ಒಳಗೆ ನೋಡಿದ ವೈದ್ಯರಲ್ಲದೆ ಮತ್ತಾರೂ ಅದನ್ನು ನಿರ್ಣಯಿಸಲಾರರು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯೂ, ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ ಬಡವರಿಗೆ ಬಾಗಿಲು ತೆರೆದಿವೆ.

ಉಪಸಂಹಾರ

ಮೇಡ್ಲೇರಿಯ ಆ ಕೂಸಿನ ಎಡಗಣ್ಣನ್ನು ತೆಗೆಯಬೇಕಾಯಿತು. ರೋಗವು ದೃಷ್ಟಿನರವನ್ನು ದಾಟಿರಲಿಲ್ಲ. ದೇವರ ಕೃಪೆಯಿಂದ ಪ್ರಾಣವು ಉಳಿಯಿತು. ಇಂದು ಆ ಹುಡುಗಿಯು ಕೃತಕ ಕಣ್ಣನ್ನು ಧರಿಸಿ, ಬಲಗಣ್ಣಿನಿಂದ ಚೆನ್ನಾಗಿ ಓದುತ್ತಾ, ಎರಡನೆಯ ತರಗತಿಯಲ್ಲಿದ್ದಾಳೆ. ಆ ಮೂರು ವಾರಗಳಿಂದ ಏನಾದರೂ ಹೆಚ್ಚಿನ ಹಾನಿಯಾಯಿತೋ ಎಂದು ನಾನು ವೈದ್ಯರನ್ನು ಕೇಳಿದೆನು. ಅದನ್ನು ಯಾರೂ ಹೇಳಲಾರರೆಂದು ಅವರು ತಿಳಿಸಿದರು. ಆ ಉತ್ತರವನ್ನು ನಾನು ಇಂದಿಗೂ ಹೊತ್ತುಕೊಂಡಿದ್ದೇನೆ. ಅದರ ತಾಯಿಯಾದರೋ ನನ್ನನ್ನು ಒಂದು ದಿನವೂ ದೂರಲಿಲ್ಲ; ಪಾಪೆಯ ಪಾಠವನ್ನು ಕಲಿಸಿದವರು ಅಕ್ಕೋರಲ್ಲವೇ ಎಂದು ನನಗೇ ಸಮಾಧಾನ ಹೇಳಿದಳು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಯೆರಿಕೋವಿನ ದಾರಿಯ ಪಕ್ಕದಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನನ್ನು ಸುಮ್ಮನಿರೆಂದು ಜನರು ಗದರಿಸಿದರೂ ಅವನು ಸುಮ್ಮನಿರದೆ ಕೂಗಿಕೊಂಡುದನ್ನು ನೀವು ಬಲ್ಲಿರಿ. ನಿಮ್ಮ ಮಕ್ಕಳ ಕಣ್ಣಿನ ವಿಷಯದಲ್ಲಿ ನೀವೂ ಹಾಗೆಯೇ ಇರಬೇಕು. ಕೂಸಿನ ಪಾಪೆಯಲ್ಲಿ ದೀಪದ ಬೆಳಕಿಗೆ ಬಿಳುಪು ಹೊಳೆದರೆ, ಕಣ್ಣು ಹೊಸದಾಗಿ ಮೆಳ್ಳೆಯಾಗಿ ತಿರುಗಿದರೆ, ಕೆಂಪಾಗಿ ವಾಸಿಯಾಗದಿದ್ದರೆ, ಅದನ್ನು ಭಾಗ್ಯವೆಂದು ಹಿಗ್ಗಬೇಡಿರಿ. ದೃಷ್ಟಿಯೆಂದು ನಿವಾಳಿಸಿ ಕೂಡ್ರಬೇಡಿರಿ. ಸೊಪ್ಪಿನ ರಸವನ್ನು ಹಿಂಡಬೇಡಿರಿ. ಅದೇ ವಾರ ನೇತ್ರವೈದ್ಯರಲ್ಲಿಗೆ ಹೋಗಿರಿ. ಹಿರಿಯರು ತಡೆದರೂ ಹೋಗಿರಿ. ನಿಮ್ಮ ಮುಖ್ಯೋಪಾಧ್ಯಾಯಿನಿಯೇ ತಡೆದರೂ ಹೋಗಿರಿ.